ಎಲ್ಲಾ ಮ್ಯಾಟ್ರಿಕ್ಸೇ ಆದ್ರೆ ಫಂಕ್ಷನಲ್ ಅನಾಲಿಸಿಸ್ ಯಾಕೆ?

ಪ್ರಶ್ನೆ: ನಾನು ಎಂ.ಎಸ್ಸಿ. ಗಣಿತ ಓದುತ್ತಿದ್ದೇನೆ. ಮುಂದೆ ಕ್ವಾಂಟಮ್ ಇನ್ಫರ್ಮೇಶನ್ ಕಡೆ ಹೋಗುವ ಆಸೆ ಇದೆ. ಬರುವ ಸೆಮಿಸ್ಟರ್‌ಗೆ ಫಂಕ್ಷನಲ್ ಅನಾಲಿಸಿಸ್ ತಗೊಳ್ಳಿ ಅಂತ ನಮ್ಮ ಮೇಷ್ಟ್ರು ಹೇಳುತ್ತಾರೆ. ಆದರೆ ಕ್ಯುಬಿಟ್ ಅಂದರೆ ಎರಡು ಆಯಾಮದ ವೆಕ್ಟರ್, ಗೇಟ್ ಅಂದರೆ ಮ್ಯಾಟ್ರಿಕ್ಸ್. ಫಂಕ್ಷನಲ್ ಅನಾಲಿಸಿಸ್ ಇರುವುದು ಅನಂತ ಆಯಾಮಕ್ಕೆ ಅಲ್ವಾ? ಒಳ್ಳೆ ಲೀನಿಯರ್ ಆಲ್ಜೀಬ್ರಾ ಬಂದರೆ ಸಾಕಾಗುವುದಿಲ್ಲವೇ?

ಉತ್ತರ: ನಿಮ್ಮ ಮೇಷ್ಟ್ರ ಮಾತು ಕೇಳಿ. ಯಾಕೆ ಅಂತ ಹೇಳುತ್ತೇನೆ. ಉತ್ತರ ಸ್ವಲ್ಪ ಉದ್ದವಾಗುತ್ತದೆ, ಏಕೆಂದರೆ ನೀವು ಸಹಜವಾಗಿ ಕೇಳಿದ ಈ ಪ್ರಶ್ನೆಯ ಒಳಗೆ ಕಳೆದ ಐವತ್ತು ವರ್ಷಗಳ ಒಂದು ದೊಡ್ಡ ಗಣಿತ ಸಮಸ್ಯೆಯೇ ಅಡಗಿದೆ.

ಫಂಕ್ಷನಲ್ ಅನಾಲಿಸಿಸ್ ಅಂದ ಕೂಡಲೇ ಪಠ್ಯಪುಸ್ತಕದ ಮೊದಲ ಅಧ್ಯಾಯ ನೆನಪಿಗೆ ಬರುತ್ತದೆ: ಅನಂತ ಆಯಾಮದ ಸ್ಪೇಸ್, ಅದರ ಮೇಲೊಂದು ನಾರ್ಮ್ (ಉದ್ದದ ಅಳತೆ), ಕಂಪ್ಲೀಟ್‌ನೆಸ್. ಇದರಲ್ಲಿ ಕೆಲಸ ಮಾಡುವವರು ದಿನವೂ ಕೇಳಿಕೊಳ್ಳುವ ಪ್ರಶ್ನೆ ಬೇರೆ. ಆಯಾಮ 2 ಇದ್ದಾಗ ಸರಿಯಿದ್ದ ಮಾತು 2000 ಆದಾಗಲೂ ಸರಿಯೇ? ಅದರ ಬೌಂಡ್ ಆಯಾಮದ ಜೊತೆ ಬೆಳೆಯುತ್ತಾ ಹೋಗುತ್ತದೆಯೇ, ಇಲ್ಲ ಒಂದು ಸಂಖ್ಯೆಯ ಕೆಳಗೇ ನಿಲ್ಲುತ್ತದೆಯೇ? ಪಕ್ಕದಲ್ಲಿ ಇನ್ನೊಂದು ಸಿಸ್ಟಂ ತಂದು ಟೆನ್ಸರ್ ಮಾಡಿದರೆ, ಅಂದರೆ ಎರಡನ್ನೂ ಸೇರಿಸಿ ಆಯಾಮಗಳು ಗುಣಿಸುವ ಒಂದೇ ದೊಡ್ಡ ಸಿಸ್ಟಂ ಮಾಡಿದರೆ, ಏನಾಗುತ್ತದೆ? ಕ್ವಾಂಟಮ್ ಇನ್ಫರ್ಮೇಶನ್‌ಗೆ ಬೇಕಾಗಿರುವುದೂ ಇದೇ ಪ್ರಶ್ನೆಗಳು. ಕ್ಯುಬಿಟ್ ಒಂದೊಂದು ಸೇರಿದ ಹಾಗೆ ಆಯಾಮ ದುಪ್ಪಟ್ಟಾಗುತ್ತದೆ. ಹತ್ತು ಕ್ಯುಬಿಟ್‌ಗೆ 1024, ಐವತ್ತಕ್ಕೆ ಸಾವಿರ ಲಕ್ಷ ಕೋಟಿಗಿಂತ ಜಾಸ್ತಿ. ಹಾಗಾಗಿ ‘ಸೀಮಿತ’ ಅನ್ನುವ ಮಾತಿನಿಂದ ಇಲ್ಲಿ ದೊಡ್ಡ ಸಮಾಧಾನ ಏನೂ ಸಿಗುವುದಿಲ್ಲ.

ಒಂದು ಲೆಕ್ಕ ಕೈಯಲ್ಲೇ ಮಾಡಿ ನೋಡೋಣ. ಕ್ವಾಂಟಮ್ ಸ್ಥಿತಿಯನ್ನು ಡೆನ್ಸಿಟಿ ಮ್ಯಾಟ್ರಿಕ್ಸ್ ಆಗಿ ಬರೆಯುತ್ತೇವೆ. ಅದರ ಐಗನ್ ವ್ಯಾಲ್ಯೂ ಯಾವುದೂ ಸೊನ್ನೆಗಿಂತ ಕೆಳಗಿರಬಾರದು, ಎಲ್ಲವೂ ಸೇರಿ 1 ಆಗಬೇಕು. ಅವು ಸಂಭವನೀಯತೆಗಳು, ಅದಕ್ಕೇ ಈ ನಿಯಮ. ಈಗ ಟ್ರಾನ್ಸ್‌ಪೋಸ್ ಮಾಡಿ. ಐಗನ್ ವ್ಯಾಲ್ಯೂಗಳು ಹಾಗೇ ಇರುತ್ತವೆ. ಹಾಗಾದರೆ ಟ್ರಾನ್ಸ್‌ಪೋಸ್ ಮಾಡುವ ಒಂದು ಯಂತ್ರವನ್ನು ಲ್ಯಾಬ್‌ನಲ್ಲಿ ಕಟ್ಟಬಹುದು ಅಂತ ಅನಿಸುತ್ತದೆ, ಅಲ್ವಾ?

ಎರಡು ಕ್ಯುಬಿಟ್‌ಗಳ ಬೆಲ್ ಸ್ಥಿತಿ ತೆಗೆದುಕೊಳ್ಳಿ. ಅದು 4×4 ಮ್ಯಾಟ್ರಿಕ್ಸ್. ನಾಲ್ಕು ಮೂಲೆಗಳಲ್ಲಿ 1/2, ಉಳಿದ ಕಡೆಯೆಲ್ಲ 0. ಎರಡನೇ ಕ್ಯುಬಿಟ್‌ಗೆ ಮಾತ್ರ ಟ್ರಾನ್ಸ್‌ಪೋಸ್ ಮಾಡಿ, ಮೊದಲನೆಯದನ್ನು ಮುಟ್ಟಬೇಡಿ. ಬಲ ಮೇಲಿನ ಮೂಲೆಯ ಮತ್ತು ಎಡ ಕೆಳಗಿನ ಮೂಲೆಯ 1/2ಗಳು ಎದ್ದು ನಡುವಿನ 2×2 ಭಾಗಕ್ಕೆ ಬಂದು ಕೂರುತ್ತವೆ. ಆ ಭಾಗದ ಕರ್ಣದಲ್ಲಿ 0, ಆಚೀಚೆ 1/2. ಅದರ ಐಗನ್ ವ್ಯಾಲ್ಯೂ 1/2 ಮತ್ತು −1/2. ಸಂಭವನೀಯತೆ ಮೈನಸ್ ಆಯಿತು! ಒಂಟಿಯಾಗಿದ್ದಾಗ ನಿಯಮ ಪಾಲಿಸುತ್ತಿದ್ದ ಟ್ರಾನ್ಸ್‌ಪೋಸ್, ಪಕ್ಕದಲ್ಲಿ ಇನ್ನೊಂದು ಕ್ಯುಬಿಟ್ ಇದ್ದ ಕೂಡಲೇ ಅದನ್ನು ಮುರಿಯುತ್ತದೆ. ಆದ್ದರಿಂದ ಅಂಥ ಯಂತ್ರ ಕಟ್ಟಲು ಸಾಧ್ಯವಿಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಐಗನ್ ವ್ಯಾಲ್ಯೂಗಳ ಮೈನಸ್ ಗುರುತು ತೆಗೆದು ಕೂಡಿದರೆ ಸಿಗುವುದು ಟ್ರೇಸ್ ನಾರ್ಮ್. ಕರ್ಣದ ಎರಡು ಮೂಲೆಗಳಲ್ಲಿ ಉಳಿದ 1/2ಗಳೂ ಐಗನ್ ವ್ಯಾಲ್ಯೂಗಳೇ, ಹಾಗಾಗಿ ಇಲ್ಲಿ ನಾಲ್ಕು 1/2 ಸೇರಿ 2 ಆಯಿತು. ಇದ್ದದ್ದು 1. ಕ್ಯುಬಿಟ್ ಬದಲು 3 ಆಯಾಮದ ಸಿಸ್ಟಂ ಜೋಡಿ ಹಿಡಿದರೆ 3 ಬರುತ್ತದೆ, 100 ಆಯಾಮಕ್ಕೆ 100. ಟ್ರಾನ್ಸ್‌ಪೋಸ್‌ನ ಸ್ವಂತ ನಾರ್ಮ್ ಮಾತ್ರ ಯಾವ ಆಯಾಮದಲ್ಲೂ 1. ಸ್ವಂತ ನಾರ್ಮ್‌ನಲ್ಲಿ ಕಾಣದೆ, ಪಕ್ಕದ ಸಿಸ್ಟಂ ಜೊತೆ ಸೇರಿಸಿ ಅಳೆದಾಗ ಮಾತ್ರ ಕಾಣುವ ಈ ಬೆಳವಣಿಗೆಯನ್ನು ಹಿಡಿಯಲು ಆಪರೇಟರ್ ಆಲ್ಜೀಬ್ರಾದವರು ‘ಕಂಪ್ಲೀಟ್ಲಿ ಪಾಸಿಟಿವ್’ (ಪಕ್ಕದಲ್ಲಿ ಯಾವ ಸಿಸ್ಟಂ ಇದ್ದರೂ ಐಗನ್ ವ್ಯಾಲ್ಯೂ ಮೈನಸ್ ಆಗಲು ಬಿಡದ ಮ್ಯಾಪ್), ‘ಕಂಪ್ಲೀಟ್ಲಿ ಬೌಂಡೆಡ್’ (ಪಕ್ಕದಲ್ಲಿ ಯಾವ ಸಿಸ್ಟಂ ಇದ್ದರೂ ನಾರ್ಮ್ ಒಂದು ಮಿತಿ ದಾಟದ ಮ್ಯಾಪ್) ಅನ್ನುವ ಕಲ್ಪನೆಗಳನ್ನು ಮೊದಲೇ ಕಟ್ಟಿಟ್ಟಿದ್ದರು. ಕಂಪ್ಲೀಟ್ಲಿ ಪಾಸಿಟಿವ್ ಮ್ಯಾಪ್‌ಗಳ ರೂಪ ಹೇಗಿರುತ್ತದೆ ಅಂತ ಹೇಳುವ ಸ್ಟೈನ್‌ಸ್ಪ್ರಿಂಗ್ ಅವರ ಪ್ರಮೇಯ 1955ರದ್ದು. ಆಗ ಕ್ವಾಂಟಮ್ ಕಂಪ್ಯೂಟರ್ ಅನ್ನುವ ಮಾತೇ ಇರಲಿಲ್ಲ. ಇವತ್ತು ಕ್ವಾಂಟಮ್ ಚಾನೆಲ್ ಅಂದರೆ ಏನು ಅಂತ ಯಾವ ಪುಸ್ತಕ ತೆರೆದರೂ ಸಿಗುವುದು ಅದೇ: ಟ್ರೇಸ್ ಉಳಿಸುವ ಕಂಪ್ಲೀಟ್ಲಿ ಪಾಸಿಟಿವ್ ಮ್ಯಾಪ್. 1975ರಲ್ಲಿ ಚೋಯ್ ಇದನ್ನು ಒಂದೇ ಒಂದು ಮ್ಯಾಟ್ರಿಕ್ಸ್‌ನ ಪರೀಕ್ಷೆಗೆ ಇಳಿಸಿದರು. 1976ರಲ್ಲಿ ಗೊರಿನಿ, ಕೊಸಕೋವ್ಸ್ಕಿ ಜೊತೆ ನಮ್ಮ ಇ. ಸಿ. ಜಿ. ಸುದರ್ಶನ್ ಅವರು ಇಂಥ ಮ್ಯಾಪ್‌ಗಳು ಕಾಲದ ಜೊತೆ ಹೇಗೆ ಸಾಗುತ್ತವೆ ಅನ್ನುವ ಸಮೀಕರಣ ಕೊಟ್ಟರು. ಅದೇ ವರ್ಷ ಲಿಂಡ್‌ಬ್ಲಾಡ್ ಕೂಡ ಅದನ್ನೇ ಬೇರೆ ದಾರಿಯಲ್ಲಿ ತಲುಪಿದರು. ಮುಂದೆ 1997ರಲ್ಲಿ ಕಿತಾಯೆವ್, ಕ್ವಾಂಟಮ್ ಗೇಟ್‌ನ ದೋಷ ಎಷ್ಟು ಅಂತ ಅಳೆಯಲು ಡೈಮಂಡ್ ನಾರ್ಮ್ ತಂದರು. ಅದು ಕಂಪ್ಲೀಟ್ಲಿ ಬೌಂಡೆಡ್ ನಾರ್ಮ್‌ನ ಡ್ಯುಯಲ್, ಅಷ್ಟೇ.

ಇಲ್ಲಿ ನಿಮ್ಮ ಸಿಲಬಸ್‌ನ ಹಾನ್–ಬನಾಖ್ ಪ್ರಮೇಯಕ್ಕೂ ಒಂದು ಜಾಗ ಇದೆ. ಎಂಟ್ಯಾಂಗಲ್ ಆಗದ, ಅಂದರೆ ಎರಡು ಸಿಸ್ಟಂಗಳ ಬಿಡಿ ಬಿಡಿ ಸ್ಥಿತಿಗಳ ಜೋಡಿಗಳನ್ನು ಬೆರೆಸಿ ಪಡೆಯಬಹುದಾದ, ಸ್ಥಿತಿಗಳೆಲ್ಲ ಸೇರಿ ಒಂದು ಕಾನ್ವೆಕ್ಸ್ ಸೆಟ್. ಎಂಟ್ಯಾಂಗಲ್ ಆದ ಸ್ಥಿತಿ ಅದರ ಹೊರಗಿನ ಬಿಂದು. ಹೊರಗಿನ ಬಿಂದುವಿಗೂ ಸೆಟ್‌ಗೂ ನಡುವೆ ಒಂದು ಹೈಪರ್‌ಪ್ಲೇನ್ ಎಳೆಯಬಹುದು ಅಂತ ಹಾನ್–ಬನಾಖ್ ಹೇಳುತ್ತದೆ. ಆ ಹೈಪರ್‌ಪ್ಲೇನ್ ಒಂದು ಅಳತೆ. ಲ್ಯಾಬ್‌ನಲ್ಲಿ ಅಳೆದು ನೋಡಿದಾಗ ಸೊನ್ನೆಗಿಂತ ಕೆಳಗೆ ಬಂದರೆ ಸ್ಥಿತಿ ಎಂಟ್ಯಾಂಗಲ್ ಆಗಿದೆ ಅಂತ ಖಚಿತ. ಇದಕ್ಕೆ ವಿಟ್ನೆಸ್ ಅನ್ನುತ್ತಾರೆ. ಮೇಲೆ ಮಾಡಿದ ಟ್ರಾನ್ಸ್‌ಪೋಸ್ ಲೆಕ್ಕವನ್ನೇ ಪೆರೆಸ್ 1996ರಲ್ಲಿ ಎಂಟ್ಯಾಂಗಲ್‌ಮೆಂಟ್ ಪತ್ತೆಗೆ ಬಳಸಿದರು. ಅದೇ ವರ್ಷ ಹೊರೊಡೆಟ್ಸ್ಕಿ ಕುಟುಂಬದ ಮೂವರು 2×2 ಮತ್ತು 2×3 ಸಿಸ್ಟಂಗಳಿಗೆ ಆ ಒಂದು ಪರೀಕ್ಷೆಯೇ ಸಾಕು ಎಂದು ತೋರಿಸಿದರು. ಅವರ ಕೈಗೆ ಒದಗಿ ಬಂದದ್ದು ಸ್ಟೋರ್ಮರ್ 1963ರಲ್ಲೂ ವೊರೊನೊವಿಚ್ 1976ರಲ್ಲೂ ಬರೆದಿಟ್ಟಿದ್ದ ಶುದ್ಧ ಆಪರೇಟರ್ ಸಿದ್ಧಾಂತ.

ಇನ್ನು ನನಗೆ ತುಂಬ ಪ್ರೀತಿಯ ಒಂದು ಕಥೆ. 1953ರಲ್ಲಿ ಬ್ರೆಜಿಲ್‌ನ ಸಾವೊ ಪಾಲೊದಲ್ಲಿದ್ದ ಅಲೆಕ್ಸಾಂಡರ್ ಗ್ರೋಥೆಂಡಿಕ್ ಅಲ್ಲಿನ ಗಣಿತ ಸಂಘದ ಪತ್ರಿಕೆಗೆ ಟೆನ್ಸರ್ ಪ್ರಾಡಕ್ಟ್‌ಗಳ ಬಗ್ಗೆ ಒಂದು ದೀರ್ಘ ಪ್ರಬಂಧ ಬರೆದರು. ಎರಡು ಬನಾಖ್ ಸ್ಪೇಸ್‌ಗಳನ್ನು (ನಾರ್ಮ್ ಇರುವ, ಕಂಪ್ಲೀಟ್ ಆದ ವೆಕ್ಟರ್ ಸ್ಪೇಸ್‌ಗಳನ್ನು) ಟೆನ್ಸರ್ ಮಾಡಿದಾಗ ಸಹಜವಾಗಿ ಎಷ್ಟು ಬಗೆಯ ನಾರ್ಮ್ ಹಾಕಬಹುದು? ಹದಿನಾಲ್ಕು, ಅಂದರು ಅವರು. ಆ ಪ್ರಬಂಧದ ಜೀವಾಳ ಒಂದು ಅಸಮಾನತೆ. 1968ರಲ್ಲಿ ಲಿಂಡೆನ್‌ಸ್ಟ್ರಾಸ್ ಮತ್ತು ಪೆವ್ಚಿನ್ಸ್ಕಿ ಅದನ್ನು ಸರಳವಾಗಿ ಬರೆದು ತೋರಿಸುವ ತನಕ ಹೆಚ್ಚು ಜನರ ಕಣ್ಣಿಗೆ ಬಿದ್ದಿರಲಿಲ್ಲ.

ಅಸಮಾನತೆ ಏನು ಅಂತ ಒಂದು ಚಿಕ್ಕ ಉದಾಹರಣೆಯಲ್ಲಿ ನೋಡಿ. 2×2 ಮ್ಯಾಟ್ರಿಕ್ಸ್, ಮೂರು ಕಡೆ 1, ಕೊನೆಯ ಮೂಲೆಯಲ್ಲಿ −1. ಎರಡು ಸಾಲಿಗೂ ಎರಡು ಕಂಬಕ್ಕೂ ತಲಾ ಒಂದು ಸಂಖ್ಯೆ, +1 ಅಥವಾ −1, ಕೊಡಿ. ಪ್ರತಿ ಮನೆಯ ಸಂಖ್ಯೆಯನ್ನು ಅದರ ಸಾಲು, ಕಂಬದ ಸಂಖ್ಯೆಗಳಿಂದ ಗುಣಿಸಿ, ನಾಲ್ಕನ್ನೂ ಕೂಡಿ. ಏನೇ ಮಾಡಿದರೂ 2ಕ್ಕಿಂತ ಜಾಸ್ತಿ ಬರುವುದಿಲ್ಲ. ಈಗ ಸಂಖ್ಯೆಗಳ ಬದಲು ಉದ್ದ 1 ಇರುವ ವೆಕ್ಟರ್‌ಗಳನ್ನು ಕೊಡಿ, ಗುಣಾಕಾರದ ಬದಲು ಇನ್ನರ್ ಪ್ರಾಡಕ್ಟ್. ಸಾಲುಗಳಿಗೆ (1,0), (0,1). ಕಂಬಗಳಿಗೆ (1,1)/√2, (1,−1)/√2. ಕೂಡಿದರೆ 4/√2, ಅಂದರೆ 2√2. ವೆಕ್ಟರ್‌ಗಳಿಗೆ 1.414 ಪಟ್ಟು ಲಾಭ ಸಿಕ್ಕಿತು. ಮ್ಯಾಟ್ರಿಕ್ಸ್ ಎಷ್ಟೇ ದೊಡ್ಡದಿರಲಿ, ವೆಕ್ಟರ್‌ಗಳ ಆಯಾಮ ಎಷ್ಟೇ ಇರಲಿ, ಈ ಲಾಭ ಒಂದು ನಿರ್ದಿಷ್ಟ ಸಂಖ್ಯೆಯನ್ನು ದಾಟುವುದಿಲ್ಲ ಅನ್ನುವುದೇ ಗ್ರೋಥೆಂಡಿಕ್ ಅಸಮಾನತೆ. ಆ ಸಂಖ್ಯೆ 1.676 ಮತ್ತು 1.783ರ ನಡುವೆ ಇದೆ. ನಿಖರವಾಗಿ ಎಷ್ಟು ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಭೌತಶಾಸ್ತ್ರ ಓದಿದವರಿಗೆ 2 ಮತ್ತು 2√2 ನೋಡಿದ ಕೂಡಲೇ ಕಿವಿ ನೆಟ್ಟಗಾಗುತ್ತದೆ. ಬೆಲ್ 1964ರಲ್ಲಿ ತೋರಿಸಿದ ದಾರಿಯಲ್ಲಿ, 1969ರಲ್ಲಿ ಕ್ಲೌಸರ್, ಹಾರ್ನ್, ಶಿಮೊನಿ, ಹೋಲ್ಟ್ ಬರೆದ ಅಸಮಾನತೆಯ ಮಿತಿ ಅದೇ 2. ದೂರ ದೂರ ಕೂತ ಇಬ್ಬರು ಆಟಗಾರರಿಗೆ ತೀರ್ಪುಗಾರ ತಲಾ ಒಂದು ಪ್ರಶ್ನೆ ಕೇಳುತ್ತಾನೆ, ಅವರು ತಮ್ಮಲ್ಲಿ ಮಾತಾಡಿಕೊಳ್ಳದೆ ಉತ್ತರಿಸಬೇಕು ಅನ್ನುವ ಆಟವಾಗಿ ಇದನ್ನು ನೋಡಬಹುದು. ಮೊದಲೇ ಏನೇ ಒಪ್ಪಂದ ಮಾಡಿಕೊಂಡರೂ ಗೆಲ್ಲುವ ಸಾಧ್ಯತೆ ಹೆಚ್ಚೆಂದರೆ 75%. ಎಂಟ್ಯಾಂಗಲ್ ಆದ ಕ್ಯುಬಿಟ್ ಜೋಡಿ ಹಂಚಿಕೊಂಡರೆ ಸುಮಾರು 85.4%. ಇಂಥ ಪ್ರಯೋಗಗಳಿಗೇ 2022ರ ಭೌತಶಾಸ್ತ್ರ ನೊಬೆಲ್ ಬಂದದ್ದು. ಕ್ವಾಂಟಮ್ ಕಡೆಯ ಗರಿಷ್ಠ ಸರಿಯಾಗಿ 2√2 ಅಂತ 1980ರಲ್ಲಿ ಸಾಧಿಸಿದವರು ಬೋರಿಸ್ ತ್ಸಿರೆಲ್ಸನ್. ಅವರು ಕಂಡುಕೊಂಡ ಮುಖ್ಯ ಸಂಗತಿ ಇದು: ಈ ಬಗೆಯ ಆಟದಲ್ಲಿ ಕ್ವಾಂಟಮ್ ತಂತ್ರ ಅನ್ನುವುದೂ, ಗ್ರೋಥೆಂಡಿಕ್ ಹೇಳಿದ ಉದ್ದ 1ರ ವೆಕ್ಟರ್‌ಗಳೂ ಒಂದೇ. ಹಾಗಾಗಿ ಎಂಟ್ಯಾಂಗಲ್‌ಮೆಂಟ್‌ನಿಂದ ಇಬ್ಬರಿಗೆ ಸಿಗುವ ಲಾಭಕ್ಕೆ ಪ್ರಕೃತಿ ಹಾಕಿದ ಮಿತಿಯೂ, ಸಾವೊ ಪಾಲೊದ ಪ್ರಬಂಧದ ಆ ಸಂಖ್ಯೆಯೂ ಒಂದೇ. ಎಷ್ಟು ಕ್ಯುಬಿಟ್ ಸುರಿದರೂ ಆ ಮಿತಿ ದಾಟಲಾಗದು.

ಮೂವರು ಆಟಗಾರರಾದರೆ? ಮಿತಿಯೇ ಇಲ್ಲ. ಆಟವನ್ನು ದೊಡ್ಡದು ಮಾಡುತ್ತಾ ಹೋದರೆ ಲಾಭ ಬೇಕಾದಷ್ಟು ಬೆಳೆಯುತ್ತದೆ. 2008ರಲ್ಲಿ ಪೆರೆಸ್-ಗಾರ್ಸಿಯಾ, ವುಲ್ಫ್, ಪಲಾಸುವೆಲೋಸ್, ವಿಯಾನುಎವಾ, ಯೂಂಗ್ ಇದನ್ನು ತೋರಿಸಿದ್ದು ಆಪರೇಟರ್ ಸ್ಪೇಸ್ ಸಿದ್ಧಾಂತ ಬಳಸಿ. ಎರಡರಿಂದ ಮೂರಕ್ಕೆ ಹೋದಾಗ ಇಷ್ಟು ವ್ಯತ್ಯಾಸ ಆಗುತ್ತದೆ ಅನ್ನುವುದು ಬರೀ ಮ್ಯಾಟ್ರಿಕ್ಸ್ ಹಿಡಿದು ಲೆಕ್ಕ ಮಾಡುತ್ತಾ ಕೂತವರಿಗೆ ಸುಲಭವಾಗಿ ಹೊಳೆಯುವಂಥದ್ದಲ್ಲ.

ಈಗ ನಿಮ್ಮ ಪ್ರಶ್ನೆಯ ಒಳಗಿದೆ ಅಂತ ಹೇಳಿದ ಆ ದೊಡ್ಡ ಸಮಸ್ಯೆ. ಇದನ್ನು ನಿಧಾನವಾಗಿ ಓದಿ.

ಇಬ್ಬರು ಆಟಗಾರರು ‘ಬೇರೆ ಬೇರೆ’ ಇದ್ದಾರೆ ಅನ್ನುವುದನ್ನು ಗಣಿತದಲ್ಲಿ ಎರಡು ರೀತಿ ಬರೆಯಬಹುದು. ಒಂದು, ತಲಾ ಒಂದು ಹಿಲ್ಬರ್ಟ್ ಸ್ಪೇಸ್ ಕೊಟ್ಟು ಟೆನ್ಸರ್ ಮಾಡುವುದು. ಕ್ವಾಂಟಮ್ ಕಂಪ್ಯೂಟಿಂಗ್ ಪುಸ್ತಕಗಳೆಲ್ಲ ಹೀಗೇ ಮಾಡುತ್ತವೆ. ಇನ್ನೊಂದು, ಇಬ್ಬರಿಗೂ ಒಂದೇ ಹಿಲ್ಬರ್ಟ್ ಸ್ಪೇಸ್ ಕೊಟ್ಟು, ಒಬ್ಬರ ಅಳತೆಗಳು ಇನ್ನೊಬ್ಬರ ಅಳತೆಗಳ ಜೊತೆ ಕಮ್ಯೂಟ್ ಆಗಬೇಕು ಅನ್ನುವುದು. ಯಾರು ಮೊದಲು ಅಳೆದರೂ ಫಲಿತಾಂಶ ಒಂದೇ. ಕ್ವಾಂಟಮ್ ಫೀಲ್ಡ್ ಥಿಯರಿಯವರು ಹೀಗೆ ಬರೆಯುತ್ತಾರೆ. ಆಯಾಮ ಸೀಮಿತವಾಗಿದ್ದರೆ ಎರಡೂ ಒಂದೇ. ಅನಂತವಾದರೆ? ಎರಡೂ ಒಂದೇ ಅಂತ ತ್ಸಿರೆಲ್ಸನ್ 1993ರಲ್ಲಿ ಸಾಧನೆ ಕೊಡದೆ ಬರೆದಿದ್ದರು. ಆಮೇಲೆ ಅದು ತಮಗೆ ಸಾಧಿಸಲು ಬರುತ್ತಿಲ್ಲ ಅಂತ ಅವರೇ ಹೇಳಿ, ಎಲ್ಲರ ಮುಂದೆ ಪ್ರಶ್ನೆಯಾಗಿ ಇಟ್ಟರು.

ಇದರ ಸುಳಿವೇ ಇಲ್ಲದೆ, 1976ರಲ್ಲಿ ಅಲೆನ್ ಕಾನ್ ಅವರು ಫಾನ್ ನಾಯ್ಮನ್ ಆಲ್ಜೀಬ್ರಾಗಳ (ಹಿಲ್ಬರ್ಟ್ ಸ್ಪೇಸ್ ಮೇಲಿನ ಆಪರೇಟರ್‌ಗಳ ಒಂದು ಬಗೆಯ ಕೂಟಗಳ) ಬಗ್ಗೆ ಬರೆಯುತ್ತಾ ಒಂದು ಮಾತು ಸೇರಿಸಿದ್ದರು. ಟ್ರೇಸ್ ಇರುವ, ಐಡೆಂಟಿಟಿಯ ಟ್ರೇಸ್ 1 ಆಗಿರುವ ಇಂಥ ಒಂದು ಆಲ್ಜೀಬ್ರಾದಿಂದ ಕೆಲವು ಆಪರೇಟರ್‌ಗಳನ್ನು ಆರಿಸಿ. ಅವುಗಳ ಗುಣಲಬ್ಧಗಳ ಟ್ರೇಸ್‌ಗಳನ್ನು ಬೇಕಾದಷ್ಟು ಹತ್ತಿರದಿಂದ ಅನುಕರಿಸುವ ದೊಡ್ಡ ಮ್ಯಾಟ್ರಿಕ್ಸ್‌ಗಳು ಸಿಗುತ್ತವೆಯೇ? ಸಿಗಬೇಕು ಅಂತ ಅವರ ಅನಿಸಿಕೆ. ಇದಕ್ಕೆ ಕಾನ್ ಎಂಬೆಡಿಂಗ್ ಸಮಸ್ಯೆ ಅನ್ನುತ್ತಾರೆ. 1993ರಲ್ಲಿ ಕಿರ್ಖ್‌ಬೆರ್ಗ್ ಇದನ್ನು ಸಿ-ಸ್ಟಾರ್ ಆಲ್ಜೀಬ್ರಾಗಳ (ಆಪರೇಟರ್‌ಗಳ ಇನ್ನೊಂದು ಬಗೆಯ ಕೂಟಗಳ) ಟೆನ್ಸರ್ ಪ್ರಾಡಕ್ಟ್ ಮೇಲಿನ ಎರಡು ನಾರ್ಮ್‌ಗಳು ಒಂದೇನಾ ಅನ್ನುವ ಪ್ರಶ್ನೆಯಾಗಿ ಬದಲಿಸಿದರು. ಟೆನ್ಸರ್ ಮೇಲೆ ಯಾವ ನಾರ್ಮ್ ಅನ್ನುವ ಗ್ರೋಥೆಂಡಿಕ್ ಪ್ರಶ್ನೆ ಮತ್ತೆ ಬಂತು ನೋಡಿ. 2011ರಿಂದ 2013ರೊಳಗೆ ಯೂಂಗ್ ಮತ್ತು ಸಂಗಡಿಗರು, ಫ್ರಿಟ್ಸ್, ಒಜಾವಾ ಇವರ ಕೆಲಸದಿಂದ ಕಾನ್ ಸಮಸ್ಯೆಯೂ ತ್ಸಿರೆಲ್ಸನ್ ಸಮಸ್ಯೆಯೂ ಒಂದೇ ಅಂತ ಗೊತ್ತಾಯಿತು.

ಉತ್ತರ ಬಂದದ್ದು ಕಂಪ್ಯೂಟರ್ ಸೈನ್ಸ್‌ನಿಂದ. 2020ರ ಜನವರಿಯಲ್ಲಿ ಜಿ, ನಟರಾಜನ್, ವಿಡಿಕ್, ರೈಟ್, ಯುಯೆನ್ ಐವರು ‘ಎಂಐಪಿ-ಸ್ಟಾರ್ ಸಮ ಆರ್‌ಇ’ ಅನ್ನುವ ಪ್ರಬಂಧ ಹೊರತಂದರು. ಎಂಐಪಿ-ಸ್ಟಾರ್ ಅಂದರೆ ಎಂಟ್ಯಾಂಗಲ್‌ಮೆಂಟ್ ಹಂಚಿಕೊಂಡ ಆಟಗಾರರನ್ನು ಪ್ರಶ್ನಿಸಿ ತೀರ್ಪುಗಾರ ಪರಿಶೀಲಿಸಬಲ್ಲ ಸಮಸ್ಯೆಗಳು, ಆರ್‌ಇ ಅಂದರೆ ಉತ್ತರ ‘ಹೌದು’ ಆದಾಗ ಒಂದು ಪ್ರೋಗ್ರಾಂ ನಿಂತು ಅದನ್ನು ಹೇಳಬಲ್ಲ ಸಮಸ್ಯೆಗಳು. ಆಧಾರವಾಗಿ ಬಳಸಿದ್ದ ಹಿಂದಿನ ಒಂದು ಪ್ರಬಂಧದಲ್ಲಿ ದೋಷ ಕಂಡಿತು. ಅದೇ ವರ್ಷ ಆ ಜಾಗಕ್ಕೆ ಬೇರೆ ಸಾಧನೆ ಕೊಟ್ಟು ಸರಿಪಡಿಸಿದರು. ಪ್ರಬಂಧ ಇನ್ನೂರು ಪುಟಕ್ಕೂ ಮಿಕ್ಕಿದ್ದು, ಆದರೆ ಕಾನ್ ಸಮಸ್ಯೆಗೆ ಅದು ಹೇಗೆ ತಾಗುತ್ತದೆ ಅನ್ನುವುದನ್ನು ಒಂದು ಪ್ಯಾರಾದಲ್ಲಿ ಹೇಳಬಹುದು.

ಒಂದು ಆಟ ಕೊಟ್ಟಿದ್ದಾರೆ ಅನ್ನಿ. ಅದರ ಗರಿಷ್ಠ ಗೆಲುವಿನ ಸಾಧ್ಯತೆ ಬೇಕು. ಕೆಳಗಿನಿಂದ ಹತ್ತಬಹುದು: ಆಯಾಮ 2, 3, 4 ಅಂತ ಒಂದೊಂದಾಗಿ ತಂತ್ರಗಳನ್ನು ಹುಡುಕುತ್ತಾ ಹೋದರೆ ಟೆನ್ಸರ್ ರೀತಿಯ ಗರಿಷ್ಠಕ್ಕೆ ಹತ್ತಿರ ಬರುತ್ತೇವೆ. ಮೇಲಿನಿಂದ ಇಳಿಯಬಹುದು: ನವಾಸ್ಕ್ವೆಸ್, ಪಿರೋನಿಯೊ, ಅಸಿನ್ ಕೊಟ್ಟ ಸೆಮಿಡೆಫಿನಿಟ್ ಪ್ರೋಗ್ರಾಂಗಳ (ಗರಿಷ್ಠ ಹುಡುಕುವ, ಕಂಪ್ಯೂಟರ್ ಬಿಡಿಸಬಲ್ಲ ಒಂದು ಬಗೆಯ ಲೆಕ್ಕಗಳ) ಸಾಲು ಕಮ್ಯೂಟಿಂಗ್ ರೀತಿಯ ಗರಿಷ್ಠಕ್ಕೆ ಇಳಿದು ಬರುತ್ತದೆ. ಎರಡೂ ಗರಿಷ್ಠಗಳು ಯಾವಾಗಲೂ ಒಂದೇ ಆಗಿದ್ದರೆ ಎರಡು ಹುಡುಕಾಟಗಳನ್ನೂ ಒಟ್ಟಿಗೆ ಓಡಿಸಿ, ಅವು ಹತ್ತಿರ ಬಂದಾಗ ನಿಲ್ಲಿಸಿ ಉತ್ತರ ಹೇಳಬಹುದು. ಆದರೆ ಈ ಐವರು ತೋರಿಸಿದ್ದು ಇದು: ಯಾವ ಕಂಪ್ಯೂಟರ್ ಪ್ರೋಗ್ರಾಂ ಕೊಟ್ಟರೂ ಅದರಿಂದ ಒಂದು ಆಟ ಕಟ್ಟಬಹುದು. ಪ್ರೋಗ್ರಾಂ ಒಂದಲ್ಲ ಒಂದು ದಿನ ನಿಲ್ಲುವುದಾದರೆ ಆ ಆಟದ ಟೆನ್ಸರ್ ಗರಿಷ್ಠ 1, ನಿಲ್ಲದಿದ್ದರೆ 1/2ಕ್ಕಿಂತ ಜಾಸ್ತಿ ಅಲ್ಲ. ಆಟದ ಗರಿಷ್ಠ ಲೆಕ್ಕ ಹಾಕಲು ಬಂದರೆ, ಪ್ರೋಗ್ರಾಂ ನಿಲ್ಲುತ್ತದೋ ಇಲ್ಲವೋ ಅಂತಲೂ ಹೇಳಬಹುದು. ಅದು ಯಾವ ಅಲ್ಗಾರಿದಂಗೂ ಆಗದ ಕೆಲಸ ಅಂತ ಟ್ಯೂರಿಂಗ್ 1936ರಲ್ಲೇ ಸಾಧಿಸಿದ್ದಾರೆ. ಆದ್ದರಿಂದ ಎರಡು ಗರಿಷ್ಠಗಳು ಬೇರೆಯಾಗಿರುವ ಆಟ ಇರಲೇಬೇಕು. ತ್ಸಿರೆಲ್ಸನ್ ಪ್ರಶ್ನೆಗೆ ಉತ್ತರ ‘ಇಲ್ಲ’. ಹಾಗಾಗಿ ಕಾನ್ ಪ್ರಶ್ನೆಗೂ ‘ಇಲ್ಲ’.

‘ಎಲ್ಲಾ ಮ್ಯಾಟ್ರಿಕ್ಸೇ ಅಲ್ವಾ’ ಅಂತ ನೀವು ಕೇಳಿದಿರಿ. ಅನಂತ ಆಯಾಮದ ಆಪರೇಟರ್‌ಗಳು ಏನೇ ಮಾಡಿದರೂ ಅದನ್ನು ಸಾಕಷ್ಟು ದೊಡ್ಡ ಮ್ಯಾಟ್ರಿಕ್ಸ್‌ಗಳು ಹತ್ತಿರದಿಂದ ಮಾಡಿ ತೋರಿಸುತ್ತವೆ ಅನ್ನುವ ನಂಬಿಕೆ ಆ ಪ್ರಶ್ನೆಯ ಹಿಂದೆ ಇದೆ. ಕಾನ್ 1976ರಲ್ಲಿ ಬರೆದದ್ದೂ ಅದೇ ನಂಬಿಕೆ. ಅದು ಸುಳ್ಳು ಅಂತ ಗೊತ್ತಾಗಲು 44 ವರ್ಷ ಹಿಡಿಯಿತು. ಅದಕ್ಕೇ ನಿಮ್ಮ ಪ್ರಶ್ನೆ ದಡ್ಡ ಪ್ರಶ್ನೆ ಅಂತ ದಯವಿಟ್ಟು ಅಂದುಕೊಳ್ಳಬೇಡಿ.

ಇನ್ನೊಂದು ನಂಟನ್ನು ಬೇಗ ಹೇಳಿ ಮುಗಿಸುತ್ತೇನೆ. ಎರಡು ಕ್ವಾಂಟಮ್ ಚಾನೆಲ್‌ಗಳನ್ನು ಒಟ್ಟಿಗೆ ಬಳಸಿದರೆ, ಬೇರೆ ಬೇರೆ ಬಳಸಿದ್ದಕ್ಕಿಂತ ಹೆಚ್ಚು ಮಾಹಿತಿ ಕಳಿಸಬಹುದೇ? ಆಗದು ಅಂತಲೇ ಬಹಳ ಜನ ಊಹಿಸಿದ್ದರು. 2009ರಲ್ಲಿ ಹೇಸ್ಟಿಂಗ್ಸ್ ರ‍್ಯಾಂಡಮ್ ಆಗಿ ಆರಿಸಿದ ಚಾನೆಲ್‌ಗಳಿಂದ ಆ ಊಹೆಯನ್ನು ಮುರಿದರು. ಎರಡು ವರ್ಷದ ನಂತರ ಒಬ್ರಾನ್, ಶಾರೆಕ್, ವರ್ನರ್ ಅದರ ಹಿಂದಿರುವುದು ದ್ವೊರೆಟ್ಸ್ಕಿ ಪ್ರಮೇಯ ಅಂತ ತೋರಿಸಿದರು. 1961ರ ಆ ಪ್ರಮೇಯದ ಪ್ರಕಾರ, ತುಂಬ ಆಯಾಮ ಇರುವ ಯಾವುದೇ ಕಾನ್ವೆಕ್ಸ್ ಆಕಾರವನ್ನು ಸರಿಯಾಗಿ ಕೊಯ್ದರೆ ಒಳಗೆ ಹೆಚ್ಚುಕಡಿಮೆ ಗುಂಡಗಿನ ಭಾಗ ಸಿಗುತ್ತದೆ. ಇದು ಕೂಡ ಸೀಮಿತ ಆಯಾಮದ ಮಾತೇ. ಆದರೆ ಹುಟ್ಟಿದ್ದು ಬನಾಖ್ ಸ್ಪೇಸ್‌ಗಳ ಅಧ್ಯಯನದಲ್ಲಿ.

ನಮ್ಮ ದೇಶದಲ್ಲಿ ಈ ದಾರಿ ಹೊಸದೇನಲ್ಲ. ದೆಹಲಿಯ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿದ್ದ ಕೆ. ಆರ್. ಪಾರ್ಥಸಾರಥಿ ಅವರು ಹಡ್ಸನ್ ಜೊತೆ 1984ರಲ್ಲಿ ಕ್ವಾಂಟಮ್ ಸ್ಟೊಕಾಸ್ಟಿಕ್ ಕ್ಯಾಲ್ಕುಲಸ್ ಕಟ್ಟಿದವರು. 2004ರಲ್ಲಿ ಅವರು ಕೇಳಿದ ಒಂದು ಪ್ರಶ್ನೆ ನಿಮ್ಮ ಮಟ್ಟಕ್ಕೇ ಇದೆ. ಒಂದೇ ಒಂದು ಪ್ರಾಡಕ್ಟ್ ವೆಕ್ಟರ್ (ಪ್ರತಿ ಸಿಸ್ಟಂನಿಂದ ತಲಾ ಒಂದು ವೆಕ್ಟರ್ ತೆಗೆದು ಟೆನ್ಸರ್ ಮಾಡಿದರೆ ಸಿಗುವಂಥದ್ದು) ಕೂಡ ಇಲ್ಲದ ಸಬ್‌ಸ್ಪೇಸ್ ಎಷ್ಟು ದೊಡ್ಡದಿರಬಹುದು? ಎರಡು ಸಿಸ್ಟಂಗಳಿದ್ದರೆ, ಎರಡರ ಆಯಾಮದಿಂದಲೂ ಒಂದೊಂದು ಕಳೆದು ಗುಣಿಸಿದರೆ ಉತ್ತರ ಬರುತ್ತದೆ. 3×3ಕ್ಕೆ 4. ಅಂಥ ಸಬ್‌ಸ್ಪೇಸ್ ಒಂದನ್ನು ಕಣ್ಣಿಗೆ ಕಾಣುವ ಹಾಗೆ ಬರೆದು ಕೊಟ್ಟವರು ಅದೇ ಸಂಸ್ಥೆಯ ಬೆಂಗಳೂರು ಕೇಂದ್ರದ ಬಿ. ವಿ. ರಾಜಾರಾಮ ಭಟ್.

ಕೋರ್ಸ್ ತಗೊಂಡ ಮೇಲೆ ಎಲ್ಲವನ್ನೂ ಒಂದೇ ತೂಕದಲ್ಲಿ ಓದಬೇಡಿ. ನಿಮ್ಮ ಉದ್ದೇಶಕ್ಕೆ ಹಾನ್–ಬನಾಖ್, ಡ್ಯುಯಲ್ ಸ್ಪೇಸ್, ಕ್ರೈನ್–ಮಿಲ್ಮನ್ ಇವು ಮುಖ್ಯ. ಕಾಂಪ್ಯಾಕ್ಟ್ ಆಪರೇಟರ್, ಟ್ರೇಸ್ ಕ್ಲಾಸ್ ಬಂದಾಗ ಸ್ವಲ್ಪ ಜಾಸ್ತಿ ಹೊತ್ತು ಕೂರಿ. ಅನ್‌ಬೌಂಡೆಡ್ ಆಪರೇಟರ್‌ಗಳನ್ನು ಈ ಕೆಲಸಕ್ಕೆ ಸದ್ಯಕ್ಕೆ ಬಿಟ್ಟರೂ ನಡೆಯುತ್ತದೆ. ಟೆನ್ಸರ್ ಪ್ರಾಡಕ್ಟ್ ಸಾಮಾನ್ಯವಾಗಿ ಸಿಲಬಸ್‌ನಲ್ಲಿ ಇರುವುದಿಲ್ಲ, ಅದನ್ನು ನೀವೇ ಓದಿಕೊಳ್ಳಬೇಕು. ಶುರು ಮಾಡಲು ಒಂದು ಲೆಕ್ಕ: ಮೇಲೆ ಬೆಲ್ ಸ್ಥಿತಿಗೆ ಮಾಡಿದ ಟ್ರಾನ್ಸ್‌ಪೋಸ್ ಅನ್ನು 3×3 ಸಿಸ್ಟಂಗೆ ಕೈಯಲ್ಲೇ ಮಾಡಿ. 9×9 ಮ್ಯಾಟ್ರಿಕ್ಸ್ ಬರುತ್ತದೆ. ಅದರ ಐಗನ್ ವ್ಯಾಲ್ಯೂಗಳಲ್ಲಿ ಆರು 1/3, ಮೂರು −1/3 ಬಂದರೆ ಲೆಕ್ಕ ಸರಿ. ಆಮೇಲೆ ಆ ಮೂರು ಮೈನಸ್‌ಗಳ ಐಗನ್ ವೆಕ್ಟರ್‌ಗಳನ್ನು ಬರೆದು, ಅವು ಹಬ್ಬಿಸುವ ಸಬ್‌ಸ್ಪೇಸ್‌ನಲ್ಲಿ ಪ್ರಾಡಕ್ಟ್ ವೆಕ್ಟರ್ ಏನಾದರೂ ಇದೆಯೇ ಅಂತ ಹುಡುಕಿ.